ಒಂದೂಕಾಲು ಲೀಟರಿನ ಡೀಸೆಲ್ ಎಂಜಿನು: ಮೈಕಟ್ಟು ಮತ್ತು ಬೇನೆ

ಚಳಿಗಾಲದ ಮುಂಜಾವಿನಲ್ಲಿ ಬಡಾವಣೆಯ ಬೀದಿ ಇನ್ನೂ ಮಂಜಿನಲ್ಲಿ ಮಲಗಿರುವಾಗ, ಯಾವುದೋ ಮನೆಯ ಮುಂದೆ ಹಳೆಯ ಕಾರೊಂದು ಎಚ್ಚರಗೊಳ್ಳುತ್ತದೆ. ಕೀಲಿ ತಿರುಗಿಸಿದೊಡನೆ ಎರಡು ಕ್ಷಣ ಯಾರೋ ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದಂತಹ ಸದ್ದು. ಆಮೇಲೆ ಆ ಸದ್ದು ಅಡಗಿ, ಡೀಸೆಲ್ ಎಂಜಿನಿನ ಎಂದಿನ ಗುಡುಗುಡು ಮಾತ್ರ ಉಳಿಯುತ್ತದೆ. ಮನೆಯ ಯಜಮಾನರು “ಚಳಿಗೆ ಹೀಗೆಯೇ” ಎಂದು ಸಮಾಧಾನ ಹೇಳಿಕೊಂಡು ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಾರೆ. ಆ ಎರಡು ಕ್ಷಣಗಳ ಸದ್ದಿನ ಅರ್ಥವನ್ನು ಬಲ್ಲವರಾಗಿದ್ದರೆ ಅವರು ಮೊದಲು ಬಾನೆಟ್ಟನ್ನು ಎತ್ತಿ ಎಣ್ಣೆಯ ಮಟ್ಟವನ್ನು ನೋಡುತ್ತಿದ್ದರು. ಏಕೆಂದರೆ ಆ ಸದ್ದು ಚಳಿಯದಲ್ಲ. ಎಂಜಿನಿನೊಳಗಿನ ಸರಪಳಿಯೊಂದು ಸಡಿಲವಾಗಿ ಗೋಡೆಗೆ ಬಡಿಯುತ್ತಿರುವುದರ ಸೂಚನೆ.

ಇಟಲಿಯ ಫಿಯಟ್ ಕಂಪನಿಯವರು ರೂಪಿಸಿದ, ಅವರು ‘ಮಲ್ಟಿಜೆಟ್’ ಎಂದು ಕರೆದ ೧.೩ ಲೀಟರ್ ಟರ್ಬೊ-ಡೀಸೆಲ್ ಎಂಜಿನು ಭಾರತದ ಮಧ್ಯಮ ವರ್ಗದ ಸಂಸಾರಗಳೊಡನೆ ಬೆಳೆಸಿದ ನಂಟು ಬೇರೆ ಯಾವ ಡೀಸೆಲ್ ಎಂಜಿನಿಗೂ ಸುಲಭವಾಗಿ ದೊರೆಯಲಿಲ್ಲ. ೨೦೦೭ರ ಜನವರಿಯಲ್ಲಿ ಮಾರುತಿ ಸ್ವಿಫ್ಟ್ ಕಾರಿನ ಡೀಸೆಲ್ ಮಾದರಿಯಲ್ಲಿ ‘ಡಿಡಿಐಎಸ್’ ಎಂಬ ಹೆಸರಿನಿಂದ ಇದು ಬಂದಿತು. ಮರುವರ್ಷ ಟಾಟಾ ಇಂಡಿಕಾ ವಿಸ್ಟಾದಲ್ಲಿ ‘ಕ್ವಾಡ್ರಾಜೆಟ್’ ಎಂದು ಮತ್ತೊಮ್ಮೆ ನಾಮಕರಣವಾಯಿತು. ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಬ್ರೆಜಾ, ಪುಂಟೊ, ಲೀನಿಯಾ — ಹೊರಮೈ ಬೇರೆ ಬೇರೆ, ಎದೆ ಒಂದೇ. ಮೋಟಾರು ಪತ್ರಿಕೆಗಳು ಇದನ್ನು ವಿನೋದವಾಗಿ ‘ರಾಷ್ಟ್ರೀಯ ಎಂಜಿನು’ ಎಂದು ಕರೆದವು. ೨೦೨೦ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ೬ ಎಂಬ ಕಟ್ಟುನಿಟ್ಟಾದ ಹೊಗೆಯ ನಿಯಮ ಜಾರಿಗೆ ಬಂದಾಗ, ಇದನ್ನು ಹೊಸ ನಿಯಮಕ್ಕೆ ಒಗ್ಗಿಸುವ ಖರ್ಚು ಸಣ್ಣ ಕಾರಿಗೆ ಹೊರೆಯಾಗುವುದೆಂದು ಇಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಲಾಯಿತು. ಹೊಸದು ಹುಟ್ಟುತ್ತಿಲ್ಲ, ಹಳೆಯವು ಕೈಯಿಂದ ಕೈಗೆ ದಾಟುತ್ತ ಇನ್ನೂ ರಸ್ತೆಯಲ್ಲಿವೆ. ಇಂತಹ ಕಾರನ್ನು ಉಳಿತಾಯದ ಹಣ ಕೊಟ್ಟು ಕೊಂಡ ಸಂಸಾರಕ್ಕೆ ಒಂದು ಟರ್ಬೊ ಕೆಟ್ಟರೆ ತಿಂಗಳ ಸಂಬಳವೇ ಕರಗೀತು. ಸರಪಳಿ ಹಾರಿದರೆ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಹೋದಂತೆಯೇ ಸರಿ.

ಆದುದರಿಂದ ಈ ಯಂತ್ರದ ಮೈಕಟ್ಟನ್ನು ಅರಿಯುವುದು ಮೆಕ್ಯಾನಿಕ್ಕಿನ ಕೆಲಸವೊಂದೇ ಅಲ್ಲ.

ನಾಲ್ಕು ಚಮಚ ಗಾಳಿ

ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಹಾರಿಸಿ ಇಂಧನವನ್ನು ಹೊತ್ತಿಸುತ್ತಾರೆ. ಡೀಸೆಲ್ ಎಂಜಿನಿಗೆ ಕಿಡಿಯೇ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದೇ ತತ್ತ್ವವನ್ನು ತುತ್ತತುದಿಗೆ ಒಯ್ದವರು ರುಡಾಲ್ಫ್ ಡೀಸೆಲ್. ಬವೇರಿಯಾ ಮೂಲದ ತಂದೆತಾಯಿಗಳಿಗೆ ೧೮೫೮ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ೧೮೯೭ರಲ್ಲಿ ತಮ್ಮ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. ೧೯೧೩ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರಿ ಕಾಣೆಯಾಗಿ, ಸಮುದ್ರದಲ್ಲಿ ಹೆಣವಾಗಿ ದೊರೆತರು. ಅದು ಆತ್ಮಹತ್ಯೆಯೋ ಅಪಘಾತವೋ ಎಂಬುದು ಇಂದಿಗೂ ಬಗೆಹರಿದಿಲ್ಲ. ತಮ್ಮ ಹೆಸರಿನ ಎಂಜಿನು ಮನೆಮಂದಿಯ ಕಾರಿನೊಳಗೆ ಕುಳಿತುದನ್ನು ಅವರು ನೋಡಲಿಲ್ಲ. ಮರ್ಸಿಡಿಸ್ ಬೆಂಜ್ ಕಂಪನಿಯ ೨೬೦ಡಿ ಎಂಬ ಡೀಸೆಲ್ ಕಾರು ಜನರ ಮುಂದೆ ಬಂದದ್ದು ೧೯೩೬ರಲ್ಲಿ.

ಈಗ ನಮ್ಮ ಎಂಜಿನಿಗೆ ಬರೋಣ. ಇದರ ನಾಲ್ಕು ಸಿಲಿಂಡರುಗಳಲ್ಲಿ ಒಂದೊಂದರ ಒಳವ್ಯಾಸ ೬೯.೬ ಮಿಲಿಮೀಟರು, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ೮೨ ಮಿಲಿಮೀಟರು. ನಾಲ್ಕನ್ನೂ ಕೂಡಿದರೆ ೧೨೪೮ ಘನ ಸೆಂಟಿಮೀಟರು, ಎಂದರೆ ಒಂದೂಕಾಲು ಲೀಟರು. ಒಂದೊಂದು ಸಿಲಿಂಡರು ದೊಡ್ಡ ಲೋಟದಷ್ಟು ಗಾಳಿಯನ್ನು ಒಳಗೆಳೆದುಕೊಂಡು ಅದನ್ನು ಸುಮಾರು ಹದಿನೇಳೂವರೆಯಲ್ಲಿ ಒಂದು ಪಾಲಿಗೆ ಅದುಮುತ್ತದೆ. ಲೋಟ ತುಂಬ ಇದ್ದ ಗಾಳಿ ನಾಲ್ಕು ಟೀ ಚಮಚದಷ್ಟು ಜಾಗಕ್ಕೆ ಇಳಿಯುತ್ತದೆ; ಶಾಖ ಐದುನೂರು ಡಿಗ್ರಿಗಳನ್ನು ಮೀರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಡೀಸೆಲಿನ ತುಂತುರು ಬಿದ್ದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಹಿಂದಿನ ಡೀಸೆಲ್ ಎಂಜಿನುಗಳಲ್ಲಿ ಈ ತುಂತುರು ಒಂದೇ ಏಟಿಗೆ ಬೀಳುತ್ತಿತ್ತು. ಆ ಕಾಲದ ಕಾರುಗಳು ಲಾರಿಗಳಂತೆ ಗಡಗಡಿಸಿದ್ದಕ್ಕೆ ಅದೇ ಕಾರಣ. ಫಿಯಟ್ ಬಳಗದ ಸಂಶೋಧಕರು, ಮುಖ್ಯವಾಗಿ ದಕ್ಷಿಣ ಇಟಲಿಯಲ್ಲಿ ಮಾರಿಯೋ ರಿಕ್ಕೋ ಎಂಬವರ ತಂಡ, ಇದಕ್ಕೆ ‘ಕಾಮನ್ ರೈಲ್’ ಎಂಬ ಉಪಾಯವನ್ನು ಬೆಳೆಸಿದರು. ನಾಲ್ಕೂ ಇಂಜೆಕ್ಟರುಗಳಿಗೆ ಸಾಮಾನ್ಯವಾದ ಒಂದು ದಪ್ಪ ಕೊಳವೆ. ಅದರೊಳಗೆ ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ ಡೀಸೆಲು ಸದಾ ಸಿದ್ಧವಾಗಿರುತ್ತದೆ. ಯಾವ ಇಂಜೆಕ್ಟರು ಯಾವಾಗ ಬಾಯಿ ತೆರೆಯಬೇಕೆಂಬುದನ್ನು ವಿದ್ಯುನ್ಮಾನ ಮೆದುಳು ಹೇಳುತ್ತದೆ. ಹಣದ ಮುಗ್ಗಟ್ಟಿನ ದಿನಗಳಲ್ಲಿ ಫಿಯಟ್ ಈ ವಿದ್ಯೆಯನ್ನು ೧೯೯೪ರಲ್ಲಿ ಜರ್ಮನಿಯ ಬಾಷ್ ಕಂಪನಿಗೆ ಒಪ್ಪಿಸಿಬಿಟ್ಟಿತು. ಮಗುವನ್ನು ಹೆತ್ತವರು ಒಬ್ಬರು, ಸಾಕಿ ದೊಡ್ಡದು ಮಾಡಿ ಹೆಸರು ಪಡೆದವರು ಇನ್ನೊಬ್ಬರು! ೧೯೯೭ರಲ್ಲಿ ಆಲ್ಫಾ ರೋಮಿಯೋ ೧೫೬ ಕಾರಿನಲ್ಲಿ ಇದು ಮೊದಲು ರಸ್ತೆಗೆ ಬಂದಿತು. ಆ ಬಾಷ್ ಬಳಗದ ಭಾರತೀಯ ಶಾಖೆಯೇ ೧೯೫೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ, ಆಡುಗೋಡಿಯ ಹಿರಿಯರ ಬಾಯಲ್ಲಿ ಇಂದಿಗೂ ‘ಮೈಕೋ’ ಆಗಿಯೇ ಉಳಿದಿರುವ ಕಾರ್ಖಾನೆ.

೨೦೦೩ರಲ್ಲಿ ಬಂದ ಮಲ್ಟಿಜೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದೊಂದು ಸ್ಫೋಟಕ್ಕೂ ಬೇಕಾದ ಡೀಸೆಲನ್ನು ಅದು ಐದು ತುತ್ತುಗಳವರೆಗೆ ಒಡೆದು ಕೊಡಬಲ್ಲದು. ಕಾರು ಸಾಧಾರಣ ವೇಗದಲ್ಲಿ ಹೋಗುತ್ತ ಎಂಜಿನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುತ್ತಿರುವಾಗ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ ಸಾವಿರ ಸ್ಫೋಟಗಳು. ಆ ಒಂದೊಂದರೊಳಗೂ ಈ ತುತ್ತುಗಳ ಲೆಕ್ಕ. ಕೂದಲೆಳೆಯ ತಪ್ಪಾದರೂ ಸದ್ದು, ಹೊಗೆ. ಯಂತ್ರದ ಈ ನಯವೇ ಅದರ ಸೂಕ್ಷ್ಮತೆಗೂ ಕಾರಣವೆಂಬುದನ್ನು ಮುಂದೆ ನೋಡಬಹುದು.

ಸುಮಾರು ೧೩೦ ಕಿಲೋಗ್ರಾಂ ತೂಗುವ ಈ ಎಂಜಿನಿನಿಂದ ಸ್ವಿಫ್ಟ್ ಕಾರಿಗೆ ದೊರೆತದ್ದು ನಿಮಿಷಕ್ಕೆ ೪೦೦೦ ಸುತ್ತಿನಲ್ಲಿ ೭೫ ಅಶ್ವಶಕ್ತಿ, ೨೦೦೦ ಸುತ್ತಿನಲ್ಲಿ ೧೯೦ ನ್ಯೂಟನ್ ಮೀಟರಿನ ತಿರುಚುಬಲ. ೯೦ ಅಶ್ವಶಕ್ತಿಯ ಇನ್ನೊಂದು ರೂಪವೂ ಇತ್ತು. ಅದರ ಟರ್ಬೊದೊಳಗೆ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳಿದ್ದವು.

ಹೊಗೆಯೇ ಹೊಡೆಯುವ ತಿದಿ

ಟರ್ಬೊ ಎಂಬುದು ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿಯವರ ಯೋಚನೆ. ಅವರು ಹಕ್ಕುಪತ್ರ ಪಡೆದದ್ದು ೧೯೦೫ರಲ್ಲಿ. ಹೊರಗೆ ಹೋಗುವ ಹೊಗೆಯಲ್ಲಿ ಉಳಿದ ಕಸುವನ್ನು ವ್ಯರ್ಥಗೊಳಿಸುವ ಬದಲು ಅದರಿಂದ ಒಂದು ಚಕ್ರವನ್ನು ತಿರುಗಿಸಬೇಕು. ಅದೇ ದಂಡಿಗೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒಳಕ್ಕೆ ಒತ್ತಬೇಕು. ಕಮ್ಮಾರನ ತಿದಿಯನ್ನು ಅವನ ಕುಲುಮೆಯ ಹೊಗೆಯೇ ಒತ್ತಿದಂತೆ. ಹಡಗುಗಳಲ್ಲೂ ರೈಲು ಎಂಜಿನುಗಳಲ್ಲೂ ಬಹುಕಾಲ ದುಡಿದ ಈ ಯುಕ್ತಿ ಡೀಸೆಲ್ ಕಾರಿಗೆ ಇಳಿದದ್ದು ೧೯೭೮ರಲ್ಲಿ, ಮರ್ಸಿಡಿಸ್‌ನ ೩೦೦ಎಸ್‌ಡಿ ಎಂಬ ಕಾರಿನೊಡನೆ.

ಒಂದು ತುದಿಯಲ್ಲಿ ಕೆಂಡದಂತಹ ಹೊಗೆ, ಇನ್ನೊಂದು ತುದಿಯಲ್ಲಿ ಹೊರಗಿನ ತಂಪು ಗಾಳಿ. ನಡುವಿನ ಪುಟ್ಟ ದಂಡು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನು ಮೀರಿ ತಿರುಗುತ್ತದೆ. ಈ ದಂಡು ಲೋಹದ ಮೇಲೆ ಕುಳಿತು ತಿರುಗುವುದಿಲ್ಲ. ತೆಳ್ಳನೆಯ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಆ ಎಣ್ಣೆ ಎಂಜಿನಿನ ಹೊಟ್ಟೆಯಲ್ಲಿರುವ ಅದೇ ಮೂರು ಲೀಟರಿನ ಆಸುಪಾಸಿನ ಎಣ್ಣೆ. ಅದು ಹಳತಾಗಿ ಮಸಿಯಿಂದ ಗಟ್ಟಿಯಾದರೆ, ಅಥವಾ ಕಡಿಮೆಯಾದರೆ, ಮೊದಲು ಏಟು ತಿನ್ನುವ ಅಂಗಗಳಲ್ಲಿ ಟರ್ಬೊ ಒಂದು. ಶಿರಾಡಿ ಘಟ್ಟವನ್ನು ಹತ್ತಿ ಬಂದು, ಮೇಲಿನ ಹೋಟೆಲಿನ ಮುಂದೆ ನಿಲ್ಲಿಸಿದ ಕ್ಷಣವೇ ಕೀಲಿ ತೆಗೆಯುವವರಿದ್ದಾರೆ. ಎಂಜಿನು ನಿಂತೊಡನೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಕಾದ ಟರ್ಬೊದಲ್ಲಿ ಸಿಕ್ಕಿಬಿದ್ದ ಎಣ್ಣೆ ಬಾಣಲೆಯ ತಳದಲ್ಲಿ ಸೀದ ಒಗ್ಗರಣೆಯಂತೆ ಕರಿಕಾಗಿ ಅಂಟುತ್ತದೆ. ಒಂದೆರಡು ನಿಮಿಷ ಎಂಜಿನನ್ನು ಸುಮ್ಮನೆ ಓಡಲು ಬಿಟ್ಟರೆ ಈ ಹಾನಿ ತಪ್ಪುತ್ತದೆ. ಊರೊಳಗೆ ತರಕಾರಿ ತರಲು ಹೋಗಿಬಂದಾಗ ಇಷ್ಟು ವ್ರತ ಬೇಕಿಲ್ಲ; ಆಗ ಟರ್ಬೊ ಅಷ್ಟು ಕಾದಿರುವುದೇ ಇಲ್ಲ.

ಎಂಜಿನು ಎರಡು ಸಾವಿರ ಸುತ್ತನ್ನು ಮುಟ್ಟುವವರೆಗೆ ಕಾರು ತೂಕಡಿಸಿದಂತೆ ಕಂಡು, ಆಮೇಲೆ ಒಮ್ಮೆಗೆ ಮುನ್ನುಗ್ಗುವುದು ಈ ಎಂಜಿನಿನ ಹುಟ್ಟುಗುಣ. ಅದು ರೋಗವಲ್ಲ. ಆದರೆ ಮುನ್ನುಗ್ಗುವ ಆ ಹುರುಪೇ ಇಲ್ಲವಾದರೆ, ವೇಗ ಹೆಚ್ಚಿಸಿದಾಗ ‘ಸುಯ್’ ಎಂದು ಗಾಳಿ ಸೋರುವ ಸದ್ದು ಕೇಳಿದರೆ, ಹಿಂದೆ ಕಪ್ಪು ಹೊಗೆ ಎದ್ದರೆ, ಟರ್ಬೊ ಸತ್ತಿತೆಂದು ಕೂಡಲೆ ತೀರ್ಮಾನಿಸಬಾರದು. ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನಿಗೂ ಗಾಳಿಯನ್ನು ಒಯ್ಯುವ ರಬ್ಬರ್ ಹೋಸುಗಳು ವರ್ಷಗಳ ಬಿಸಿಗೆ ಬಿರಿಯುತ್ತವೆ, ಕ್ಲಿಪ್ಪುಗಳು ಸಡಿಲವಾಗುತ್ತವೆ. ಹೋಸಿನ ಬೆಲೆಗೂ ಟರ್ಬೊದ ಬೆಲೆಗೂ ಅಜಗಜಾಂತರ. ಇನ್ನೊಂದು ಮಾತು: ಹೋಸನ್ನು ಬಿಚ್ಚಿ ಒಳಗೆ ಎಣ್ಣೆಯ ಜಿಡ್ಡನ್ನು ಬೆರಳಿನಲ್ಲಿ ಒರೆಸಿ ತೋರಿಸಿ “ಟರ್ಬೊ ಹೋಗಿದೆ ಸಾರ್” ಎನ್ನುವ ಮೆಕ್ಯಾನಿಕ್ಕುಗಳಿಗೆ ಕೊರತೆಯಿಲ್ಲ. ಎಂಜಿನಿನೊಳಗಿನ ಆವಿ ಈ ದಾರಿಯಲ್ಲೇ ಹಾದುಹೋಗುವುದರಿಂದ ತೆಳುವಾದ ಜಿಡ್ಡು ಆರೋಗ್ಯವಂತ ಎಂಜಿನಿನಲ್ಲಿಯೂ ಇರುತ್ತದೆ. ಎಣ್ಣೆ ಮಡುಗಟ್ಟಿ ನಿಂತಿದ್ದರೆ, ದಂಡು ಹಿಂದೆ ಮುಂದೆ ಜಗ್ಗಿದರೆ, ಚಕ್ರದ ಅಲಗುಗಳು ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಆತನ ಮಾತನ್ನು ನಂಬಬೇಕು.

ಸರಪಳಿಯ ಸುದ್ದಿ

ಮೇಲಿನ ವಾಲ್ವುಗಳು ಪಿಸ್ಟನ್ನುಗಳೊಡನೆ ತಾಳ ತಪ್ಪದಂತೆ ನಡೆಸುವುದಕ್ಕೆ ಹಲವು ಎಂಜಿನುಗಳಲ್ಲಿ ರಬ್ಬರಿನ ಬೆಲ್ಟು ಇರುತ್ತದೆ. ಅದನ್ನು ಗೊತ್ತಾದ ದೂರಕ್ಕೊಮ್ಮೆ ಬದಲಿಸಬೇಕು. ಮಲ್ಟಿಜೆಟ್‌ನಲ್ಲಿ ಉಕ್ಕಿನ ಟೈಮಿಂಗ್ ಚೈನು ಇದೆ. “ಇದಕ್ಕೆ ಆಯುಷ್ಯಪೂರ್ತಿ ಚಿಂತೆಯಿಲ್ಲ” ಎಂಬ ಮಾತು ಮಾರಾಟಗಾರರಿಂದ ಮಾಲೀಕರಿಗೆ, ಮಾಲೀಕರಿಂದ ಎರಡನೆಯ ಮಾಲೀಕರಿಗೆ ಹರಿದು ಬಂದಿದೆ. ಇದು ಅರ್ಧ ಸತ್ಯ. ಈ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವಂಥದು. ಎಣ್ಣೆ ಇಳಿದರೆ, ಅಥವಾ ಹೊತ್ತಿಗೆ ಬದಲಿಸದೆ ಕೊಳಕಾದರೆ, ಟೆನ್ಷನರಿನ ಹಿಡಿತ ಸಡಿಲುತ್ತದೆ. ಚೈನು ಸವೆದು ಉದ್ದವಾಗುತ್ತದೆ. ರಾತ್ರಿಯಿಡೀ ಎಣ್ಣೆ ಕೆಳಗಿಳಿದು ಬೆಳಗ್ಗೆ ಮೊದಲ ಸಲ ಕೀಲಿ ತಿರುಗಿಸಿದಾಗ ಒತ್ತಡ ಏರುವವರೆಗೆ ಬಡಿದಾಡುತ್ತದೆ. ಮೊದಲಿಗೆ ಕೇಳಿದ ‘ಡಬ್ಬಿಯ ಮೊಳೆ’ ಇದೇ.

ಈ ಸದ್ದನ್ನು ತಿಂಗಳುಗಟ್ಟಲೆ ಕಡೆಗಣಿಸಿದರೆ ಒಂದು ದಿನ ಚೈನು ಹಲ್ಲು ದಾಟಿ ಹಾರುತ್ತದೆ, ಇಲ್ಲವೆ ತುಂಡಾಗುತ್ತದೆ. ಆಗ ಪಿಸ್ಟನ್ನು ವಾಲ್ವಿಗೆ ಗುದ್ದುತ್ತದೆ. ಅದೃಷ್ಟವಿದ್ದರೆ ರಾಕರುಗಳು ಮುರಿದು ಏಟನ್ನು ತಾವೇ ನುಂಗಿಕೊಳ್ಳುತ್ತವೆ. ಇಲ್ಲವಾದರೆ ಎಂಜಿನಿನ ತಲೆಯನ್ನೇ ಬಿಚ್ಚಬೇಕು. ಬೆಲ್ಟಿನ ಎಂಜಿನು ಹೇಳದೆ ಕೇಳದೆ ಕೈಕೊಡುತ್ತದೆ. ಇದಾದರೋ ಹಲವು ದಿನ ಮುಂಜಾನೆ ಹೆಸರು ಹಿಡಿದು ಕೂಗಿದ ಮೇಲೆಯೇ ಕೈಕೊಡುವುದು.

ಶುದ್ಧ ಗಾಳಿಗೆ ತೆತ್ತ ಬೆಲೆ

ಎಂಜಿನಿನೊಳಗೆ ಬೆಂಕಿ ಬಹಳ ಬಿಸಿಯಾದರೆ ಗಾಳಿಯ ಸಾರಜನಕವೂ ಸುಟ್ಟು ವಿಷಾನಿಲವಾಗುತ್ತದೆ. ಇದನ್ನು ತಗ್ಗಿಸಲು ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಒಳಕ್ಕೆ ತಿರುಗಿಸಿ ಬೆಂಕಿಯ ಕಾವನ್ನು ಇಳಿಸುತ್ತಾರೆ. ಆ ಬಾಗಿಲಿಗೆ ಇಜಿಆರ್ ವಾಲ್ವ್ ಎಂದು ಹೆಸರು. ಗಾಳಿಗೆ ಹಿತ, ಎಂಜಿನಿಗೆ ಕಷ್ಟ. ಹೊಗೆಯ ಮಸಿಯೂ ಎಣ್ಣೆಯ ಆವಿಯೂ ಕೂಡಿ ಗಾಳಿಯ ದಾರಿಯಲ್ಲಿ ಡಾಂಬರಿನಂತೆ ಕಟ್ಟುತ್ತ ಬರುತ್ತವೆ. ದಿನವೂ ಎರಡು ಮೂರು ಕಿಲೋಮೀಟರು, ಅದೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಕಾರಿನಲ್ಲಿ ಈ ಕಾಯಿಲೆ ಬೇಗ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಚೆನ್ನಾಗಿ ಬಿಸಿಯಾಗಿ ಓಡುವ ಕಾರಿನಲ್ಲಿ ನಿಧಾನ. ವಾಲ್ವು ತೆರೆದ ಬಾಯಲ್ಲಿ ಸಿಕ್ಕಿಕೊಂಡರೆ ಎಳೆತ ಕುಗ್ಗಿ ಕಪ್ಪು ಹೊಗೆ ಬರುತ್ತದೆ. ಎಂಜಿನ್ ದೀಪ ಹೊತ್ತಿಕೊಂಡು, ಮೆದುಳು ಶಕ್ತಿಯನ್ನು ತಾನೇ ಕಡಿತಗೊಳಿಸಿ ಕಾರನ್ನು ಕುಂಟುನಡಿಗೆಗೆ ಇಳಿಸುವುದೂ ಉಂಟು.

ಬಿಚ್ಚಿ ತೊಳೆದು ಹಾಕುವುದು ಇದಕ್ಕೆ ನೇರವಾದ ಚಿಕಿತ್ಸೆ. ಆದರೆ ಒಂದು ತಗಡಿನ ತುಂಡಿನಿಂದ ದಾರಿಯನ್ನೇ ಮುಚ್ಚಿಬಿಡುವ ಕೆಲಸ ಗ್ಯಾರೇಜುಗಳಲ್ಲಿ ಬಲು ಜನಪ್ರಿಯ. ಎಂಜಿನು ಶುಚಿಯಾಗಿರುತ್ತದೆ, ನಿಜ; ಹಿಂದೆ ನಡೆಯುವವರ ಶ್ವಾಸಕೋಶವಲ್ಲ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುವುದು ನಿಶ್ಚಿತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೨ರಲ್ಲೇ ಸಾರಿದೆ. ತನ್ನ ಮನೆಯ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸುವವನ ಜಾಣತನ ಇದು, ಕಾನೂನಿಗೂ ವಿರುದ್ಧ.

ಡೀಸೆಲಿನೊಳಗಿನ ನೀರು

ಸಾವಿರ ಪಟ್ಟು ಒತ್ತಡದಲ್ಲಿ ದುಡಿಯುವ ಪಂಪಿಗೂ ಇಂಜೆಕ್ಟರುಗಳಿಗೂ ಜಾರುವಿಕೆಯನ್ನು ಕೊಡುವುದು ಬೇರೆ ಎಣ್ಣೆಯಲ್ಲ, ಡೀಸೆಲೇ. ನೀರು ಬೆರೆತರೂ, ಸೀಮೆಎಣ್ಣೆಯ ಕಲಬೆರಕೆಯಾದರೂ ಆ ಜಿಡ್ಡು ತಪ್ಪುತ್ತದೆ. ಕೂದಲಿಗಿಂತ ಸಣ್ಣ ಸಂದಿನಲ್ಲಿ ಲೋಹ ಲೋಹವನ್ನು ಉಜ್ಜುತ್ತದೆ. ಹಳೆಯ ಲಾರಿಗಳ ಪಂಪು ಇಂತಹ ಅನ್ಯಾಯವನ್ನು ಎಷ್ಟೋ ಸಹಿಸುತ್ತಿತ್ತು. ಕಾಮನ್ ರೈಲ್ ಸಹಿಸುವುದಿಲ್ಲ. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಸರ್ವೀಸಿನ ವೇಳೆ ಇಳಿಸಬೇಕು. ಬಂಕಿನಲ್ಲಿ ಅವಸರದ ಹುಡುಗ ಪೆಟ್ರೋಲನ್ನು ತುಂಬಿಬಿಟ್ಟರೆ ಕೀಲಿಯನ್ನು ಮುಟ್ಟದೆ ಕಾರನ್ನು ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕನ್ನು ಖಾಲಿ ಮಾಡಿಸಬೇಕು. “ಸ್ವಲ್ಪವೇ ತಾನೆ” ಎಂದು ಹೊರಟವರು ಪಂಪು, ಇಂಜೆಕ್ಟರು ಎರಡಕ್ಕೂ ಬೆಲೆ ತೆರಬೇಕಾದೀತು.

ಇಂಜೆಕ್ಟರು ಕೆಟ್ಟಾಗ ಎಂಜಿನು ನಿಂತಲ್ಲೇ ನಡುಗುತ್ತದೆ, ಬೆಳಗ್ಗೆ ಬಹಳ ಹೊತ್ತು ತಿರುಗಿಸಿದ ಮೇಲೆ ಹತ್ತುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವ ಮೊದಲು, ಒಂದೊಂದರಿಂದ ಹಿಂದಿರುಗುವ ಡೀಸೆಲನ್ನು ನಾಲ್ಕು ಸೀಸೆಗಳಲ್ಲಿ ಹಿಡಿದು ಅಳೆಯುವ ಸರಳ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬಹುದು. ಉಳಿದವಕ್ಕಿಂತ ಬೇಗ ತುಂಬುವ ಸೀಸೆಯ ಇಂಜೆಕ್ಟರನ್ನೇ ಮೊದಲು ಸಂಶಯಿಸಬೇಕು.

ಹಳೆಯ ವೈದ್ಯರು ನಾಲಗೆಯ ಬಣ್ಣ ನೋಡುತ್ತಿದ್ದಂತೆ ಇಲ್ಲಿ ಹೊಗೆಯ ಬಣ್ಣ ನೋಡುವ ರೂಢಿಯಿದೆ. ಕಪ್ಪಾದರೆ ಡೀಸೆಲ್ ಹೆಚ್ಚು, ಇಲ್ಲವೆ ಗಾಳಿ ಕಡಿಮೆ. ಬಿಳಿಯಾದರೆ ಸುಡದೆ ಉಳಿದ ಡೀಸೆಲು ಅಥವಾ ರೇಡಿಯೇಟರಿನ ನೀರು. ನೀಲಿಯಾದರೆ ಎಂಜಿನಿನ ಎಣ್ಣೆಯೇ ಉರಿಯುತ್ತಿದೆ. ಮೂರರಲ್ಲಿ ಹೆಚ್ಚು ಅಂಜಬೇಕಾದದ್ದು ನೀಲಿಗೆ. ಟರ್ಬೊದ ಸೀಲು ಪೂರ್ತಿ ಹರಿದರೆ ಎಣ್ಣೆ ಗಾಳಿಯೊಡನೆ ಸಿಲಿಂಡರಿಗೆ ನುಗ್ಗಿ ಇಂಧನವಾಗಿಬಿಡುತ್ತದೆ. ಎಂಜಿನು ತನ್ನ ರಕ್ತವನ್ನೇ ಕುಡಿದು ಹುಚ್ಚೆದ್ದು ಓಡುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ, ಏಕೆಂದರೆ ಕೀಲಿ ನಿಲ್ಲಿಸುವುದು ಡೀಸೆಲನ್ನು ಮಾತ್ರ. ಇದು ಅಪರೂಪ, ಆದರೆ ಆಗುವಂಥದೇ. ಆಗ ಚಾಲಕರು ಕಾರು ನಿಂತ ಸ್ಥಿತಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿಹಿಡಿದು, ನಾಲ್ಕನೆಯ ಅಥವಾ ಐದನೆಯ ಗೇರು ಹಾಕಿ, ಕ್ಲಚ್ಚನ್ನು ಬಿಟ್ಟು ಎಂಜಿನನ್ನು ಉಸಿರುಕಟ್ಟಿಸಬೇಕು. ಅದಾಗದಿದ್ದರೆ ಎಲ್ಲರೂ ಇಳಿದು ದೂರ ಸರಿಯಬೇಕು. ಬಾನೆಟ್ಟಿನ ಮೇಲೆ ಬಗ್ಗಿ ನೋಡುವುದು ಅತ್ಯಂತ ಅಪಾಯಕರ.

ಯೂರೋಪಿನಲ್ಲಿ ಓಡಿದ ಇದೇ ಎಂಜಿನಿನ ಮುಂದಿನ ರೂಪಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಟ್ಟು ಸುಡುವ ಡಿಪಿಎಫ್ ಎಂಬ ಜಾಲರಿಯೂ ಸೇರಿತು. ಅಲ್ಲಿಯ ಮಾಲೀಕರ ದೂರು ಬೇರೆ: ಜಾಲರಿಯ ಮಸಿ ಸುಡಲೆಂದು ಹೆಚ್ಚಿಗೆ ಹಾಯಿಸಿದ ಡೀಸೆಲು, ಸಣ್ಣ ಓಡಾಟದ ಕಾರಿನಲ್ಲಿ ಪೂರ್ತಿ ಉರಿಯದೆ ಎಂಜಿನಿನ ಎಣ್ಣೆಗೆ ಇಳಿದು ಅದನ್ನು ನೀರಾಗಿಸುತ್ತದೆ. ಅಲ್ಲಿ ಎಣ್ಣೆಯ ಮಟ್ಟ ಏರಿದರೆ ಗಾಬರಿ, ಇಲ್ಲಿ ಇಳಿದರೆ ಗಾಬರಿ.

ಮಟ್ಟವನ್ನು ನೋಡಲು ಉಪಕರಣವೇನೂ ಬೇಡ. ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎಂಜಿನು ನಿಂತು ಹತ್ತು ನಿಮಿಷವಾದ ಮೇಲೆ ಕಡ್ಡಿಯನ್ನು ಎಳೆದು, ಹಳೆಯ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ಎತ್ತಿ ನೋಡಬೇಕು. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಇರುವುದೇ ಮೂರು ಲೀಟರು. ಅದರಲ್ಲಿ ಒಂದು ಲೀಟರು ಕುಂದಿದರೆ ಮೂರರಲ್ಲಿ ಒಂದು ಪಾಲು ಹೋದಂತೆ. ಕೆಂಪು ದೀಪಕ್ಕಾಗಿ ಕಾಯುವಂತಿಲ್ಲ. ಅದು ಹೊತ್ತುವುದು ಒತ್ತಡವೇ ಬಿದ್ದುಹೋದ ಮೇಲೆ. ಅಷ್ಟರೊಳಗೆ ಚೈನು, ಟರ್ಬೊ ಎರಡೂ ಬರಿಹೊಟ್ಟೆಯಲ್ಲಿ ದುಡಿದಾಗಿರುತ್ತದೆ.